ದೊಡ್ಡವರ ಪುಸ್ತಕಕ್ಕೆ ವಿದ್ಯಾರ್ಥಿ ವಿಮರ್ಶೆ ಬರೆಯಬಹುದಾ?

ಪ್ರಶ್ನೆ: ಮಾನಸಗಂಗೋತ್ರಿಯಲ್ಲಿ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಮೊದಲ ವರ್ಷ. ವಿ.ಸಿ. ನಾಲೆ (ಕನ್ನಂಬಾಡಿ ಕಟ್ಟೆಯಿಂದ ಬರೋ ವಿಶ್ವೇಶ್ವರಯ್ಯ ನಾಲೆ) ಬಂದ ಮೇಲೆ ನಮ್ಮ ಕಡೆ ಬೇಸಾಯ ಹೇಗೆ ಬದಲಾಯ್ತು ಅನ್ನೋದು ನನ್ನ ವಿಷಯ. ಅದರ ಬಗ್ಗೆಯೇ ಈಚೆಗೆ ಒಂದು ಪುಸ್ತಕ ಬಂದಿದೆ. ಜರ್ನಲ್‌ಗೆ ವಿಮರ್ಶೆ ಬರೆಯೋ ಆಸೆ. ಆದರೆ ಬರೆದವರು ಹಿರಿಯ ಪ್ರೊಫೆಸರು. ನಾನು ಕೊರತೆ ಎತ್ತಿ ತೋರಿಸಿದರೆ ಚೆನ್ನಾಗಿರುತ್ತಾ? ಇದರಿಂದ ಪ್ರಯೋಜನ ಇದೆಯಾ?
– ಸಂಶೋಧನಾ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಖಂಡಿತ ಬರೆಯಿರಿ. ಈ ವಿಷಯದ ಹಳೇ ಪುಸ್ತಕ, ಲೇಖನಗಳನ್ನೆಲ್ಲ ಈಗ ಗುಡ್ಡೆ ಹಾಕಿಕೊಂಡು ಓದುತ್ತಿರೋರು ನೀವು. ಹೊಸ ಪುಸ್ತಕ ಎಲ್ಲಿ ಹೊಸ ಮಾತು ಹೇಳಿದೆ, ಎಲ್ಲಿ ಹಳೇದನ್ನೇ ಹೇಳಿದೆ ಅಂತ ನಿಮಗೆ ಬೇಗ ಗೊತ್ತಾಗುತ್ತೆ.

ವಿದ್ಯಾರ್ಥಿಗಳ ವಿಮರ್ಶೆ ಸಾಮಾನ್ಯವಾಗಿ ಕೆಡೋದು ಸಾರಾಂಶದಲ್ಲಿ. ‘ಮೊದಲ ಅಧ್ಯಾಯದಲ್ಲಿ ಕನ್ನಂಬಾಡಿ ಕಟ್ಟೆ, ಎರಡನೆಯದರಲ್ಲಿ ನಾಲೆ, ಮೂರನೆಯದರಲ್ಲಿ ಕಬ್ಬು’ ಅಂತ ಬರೆಯುತ್ತಾ ಹೋದರೆ ಅದು ಪರಿವಿಡಿ ಅಷ್ಟೇ. ಪುಸ್ತಕದ ವಾದ ಏನು ಅಂತ ಎರಡು ವಾಕ್ಯದಲ್ಲಿ ಹೇಳಿ, ಆಮೇಲೆ ಅದಕ್ಕೆ ಕೊಟ್ಟಿರೋ ಆಧಾರ ಸಾಕಾ ಅಂತ ನೋಡಿ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂದ ಮೇಲೆ ನಾಲೆ ಬಯಲಿನ ಸಣ್ಣ ರೈತರೂ ಚೇತರಿಸಿಕೊಂಡರು ಅಂತ ಲೇಖಕರು ಹೇಳುತ್ತಾರೆ ಅಂದುಕೊಳ್ಳಿ. ತಕ್ಷಣ ಅಡಿಟಿಪ್ಪಣಿಗೆ ಹೋಗಿ. ಅಲ್ಲಿರೋದೆಲ್ಲ ಸರ್ಕಾರದ ಆಡಳಿತ ವರದಿ, ಕಾರ್ಖಾನೆಯ ಲೆಕ್ಕವೇ ಆಗಿದ್ದರೆ, ಒಂದೆರಡು ಎಕರೆಯವರು ಎಷ್ಟು ಸಾಲ ಮಾಡಿದ್ದರು, ಕಬ್ಬು ಕಡಿಯೋರಿಗೆ ಕೂಲಿ ಏನು ಸಿಕ್ತು ಅನ್ನೋದು ಅದರಿಂದ ತಿಳಿಯುತ್ತಾ? ‘ಈ ಮಾತಿಗೆ ಸಿಕ್ಕಿರುವ ಆಧಾರ ಸರ್ಕಾರ ಮತ್ತು ಕಾರ್ಖಾನೆಯ ಕಡೆಯದು ಮಾತ್ರ’ ಅಂತ ಪುಟಸಂಖ್ಯೆ ಸಮೇತ ಬರೆಯಿರಿ. ಇದರಲ್ಲಿ ಅಗೌರವ ಎಲ್ಲಿಂದ ಬಂತು? ‘ಲೇಖಕರಿಗೆ ಹಳ್ಳಿಯೇ ಗೊತ್ತಿಲ್ಲ’ ಅಂದರೆ ಮಾತ್ರ ತಪ್ಪು. ನಾಲೆ ಬಗ್ಗೆ ಬರೆದವರನ್ನು ಹಿಡಿದು ಕಾವೇರಿ ವಿವಾದ ಯಾಕೆ ಬಿಟ್ಟಿರಿ ಅಂತ ಕೇಳೋದೂ ಬೇಡ, ಅದು ಅವರು ಬರೆಯೋಕೆ ಹೊರಟ ಪುಸ್ತಕವೇ ಅಲ್ಲ. ಚೆನ್ನಾಗಿರೋದನ್ನೂ ಹೀಗೇ ತೋರಿಸಿಕೊಡಿ. ‘ಸಂಗ್ರಹಯೋಗ್ಯ ಕೃತಿ’ ಅಂತ ಸುಮ್ನೆ ಹೊಗಳಿದರೆ ಓದುವವರಿಗೂ ಉಪಯೋಗ ಇಲ್ಲ, ಲೇಖಕರಿಗೂ ಇಲ್ಲ.

ಲೇಖಕರು ನಿಮ್ಮ ಗೈಡ್ ಆಗಿದ್ದರೆ ಕೈ ಹಾಕಬೇಡಿ. ಬರೆಯೋಕೆ ಕೂರುವ ಮುಂಚೆ ಜರ್ನಲ್‌ನ ಸಂಪಾದಕರಿಗೆ ಒಂದು ಇಮೇಲ್ ಹಾಕಿ. ಕೆಲವು ಜರ್ನಲ್‌ಗಳು ತಾವಾಗಿ ಕೇಳಿದ ವಿಮರ್ಶೆ ಮಾತ್ರ ತೆಗೆದುಕೊಳ್ಳುತ್ತವೆ, ಈ ಪುಸ್ತಕ ಆಗಲೇ ಬೇರೆಯವರ ಕೈಗೆ ಹೋಗಿರಲೂಬಹುದು. ಒಪ್ಪಿದರೆ ಎಷ್ಟೋ ಸಲ ಪುಸ್ತಕವನ್ನೂ ಅವರೇ ಕಳಿಸಿಕೊಡುತ್ತಾರೆ. ಸಾಮಾನ್ಯವಾಗಿ ಸಾವಿರ ಪದದ ಆಸುಪಾಸು ಕೇಳುತ್ತಾರೆ. ವಿಮರ್ಶೆ ಹಾಕೋಕೆ ದುಡ್ಡು ಕೇಳಿದರೆ ಆ ಕಡೆ ತಿರುಗಿಯೂ ನೋಡಬೇಡಿ.

ಪ್ರಯೋಜನದ ಮಾತು ನೇರವಾಗಿ ಹೇಳುತ್ತೇನೆ. ಪುಸ್ತಕ ವಿಮರ್ಶೆಯನ್ನು ಸಾಮಾನ್ಯವಾಗಿ ಸಂಶೋಧನಾ ಲೇಖನ ಅಂತ ಪರಿಗಣಿಸಲ್ಲ. ಆದರೆ ನಿಮ್ಮ ಥೀಸಿಸ್‌ನಲ್ಲಿ ಹಿಂದಿನ ಅಧ್ಯಯನಗಳ ಬಗ್ಗೆ ಒಂದು ಅಧ್ಯಾಯ ಬರೆಯಲೇಬೇಕು, ಅಲ್ವಾ? ಅಡಿಟಿಪ್ಪಣಿ ಹಿಡಿದು ಓದಿದ್ದೆಲ್ಲ ನೇರವಾಗಿ ಅಲ್ಲಿಗೇ ಬರುತ್ತೆ. ಗೈಡ್‌ಗೆ ಈಗಲೇ ಒಂದು ಮಾತು ತಿಳಿಸಿ, ಕರಡು ಆದ ಮೇಲೆ ತೋರಿಸಿ.