ಲಾಕ್‌ಡೆಪ್ ಸುಮ್ಮನಿದೆ ಅಂದರೆ ಡೆಡ್‌ಲಾಕ್ ಇಲ್ಲ ಅಂತ ಅಲ್ಲ

ಲಾಕ್‌ಡೆಪ್ (ಲಾಕ್ ಹಿಡಿಯುವುದರಲ್ಲಿ ತಪ್ಪು ಕಂಡರೆ ಎಚ್ಚರಿಸುವ, ಲಿನಕ್ಸ್ ಕರ್ನಲ್ ಒಳಗಿನ ಪರೀಕ್ಷಕ) ಹಾಕಿದ ಕರ್ನಲ್‌ನಲ್ಲಿ ರಾತ್ರಿಯಿಡೀ ಟ್ರಾಫಿಕ್ ಓಡಿಸಿದ್ದೀರಿ, ಒಂದು ಎಚ್ಚರಿಕೆಯೂ ಬಂದಿಲ್ಲ. ಆದರೂ ಡ್ರೈವರ್ ಅಪರೂಪಕ್ಕೆ ನಿಂತುಬಿಡುತ್ತೆ. ಎಚ್ಚರಿಕೆ ಬಂದಿಲ್ಲವಲ್ಲ, ಹಾಗಾಗಿ ಡೆಡ್‌ಲಾಕ್ (ಇಬ್ಬರು ಒಬ್ಬರಿಗೊಬ್ಬರು ಕಾಯುತ್ತಾ ಸಿಕ್ಕಿಕೊಳ್ಳೋದು) ಅಲ್ಲ ಅಂತ ತೀರ್ಮಾನ ಮಾಡಿ, ಒಳ್ಳೆ ಸ್ಟ್ಯಾಟಿಕ್ ಅನಲೈಸರ್ (ಕೋಡ್ ಓಡಿಸದೆ ಓದಿಯೇ ತಪ್ಪು ಹುಡುಕುವ ಟೂಲ್) ಯಾವುದು ಅಂತ ಕೇಳಿದ್ದೀರಿ. ಅನಲೈಸರ್ ಆಮೇಲೆ ನೋಡೋಣ. ನಿಮ್ಮ ಲಾಕ್‌ಡೆಪ್ ಬದುಕಿದೆಯಾ, ಮೊದಲು ಅದನ್ನು ನೋಡಿ.

ನಾನು ತುಮಕೂರಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಗೇಟ್‌ವೇ ಬಾಕ್ಸ್‌ಗಳಿಗೆ ಡ್ರೈವರ್ ಬರೆಯುತ್ತಿದ್ದೆ. ಒಂದು ಬಾಕ್ಸ್ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿತ್ತು. ಅಲ್ಲಿ ಬಾಕ್ಸ್‌ಗೆ ಯುಪಿಎಸ್ ಇತ್ತು, ಪಕ್ಕದ ಸ್ವಿಚ್‌ಗೆ ಇರಲಿಲ್ಲ. ಕರೆಂಟ್ ಹೋದರೆ ಈಥರ್ನೆಟ್ ಲಿಂಕ್ ಬೀಳುತ್ತೆ. ಆಗ ನಮ್ಮ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಆ ಇಂಟರ್‌ಫೇಸ್ ಡೌನ್ ಮಾಡಿ 4ಜಿಗೆ ಬದಲಾಗಬೇಕು. ಬಹಳಷ್ಟು ಸಲ ಸರಿಯಾಗೇ ಆಗುತ್ತಿತ್ತು. ಯಾವಾಗಲೋ ಒಮ್ಮೆ, ಹರಾಜು ನಡೆಯುವ ಹೊತ್ತಿಗೇ ಸರಿಯಾಗಿ, ಕೈಕೊಡುತ್ತಿತ್ತು. ಮಂಡಿಯವರು ಪ್ಲಗ್ ಕಿತ್ತು ಮತ್ತೆ ಹಾಕುತ್ತಿದ್ದರು. ಅವರ ಕೆಲಸ ನಡೀತು, ನನಗೆ ಬೇಕಾದ ಸಾಕ್ಷಿ ಹೋಯಿತು. ಕೊನೆಗೆ, 'ಹ್ಯಾಂಗ್ ಆದ್ರೆ ಮುಟ್ಟಬೇಡಿ ಅಣ್ಣ, ಫೋನ್ ಮಾಡಿ' ಅಂತ ಕೇಳಿಕೊಂಡೆ. ಫೋನ್ ಬಂತು. ಗುಬ್ಬಿ, ನಿಟ್ಟೂರು ದಾಟಿ ಹೋಗಿ ಸೀರಿಯಲ್ ಕೇಬಲ್ ಚುಚ್ಚಿದೆ.

ಬಾಕ್ಸ್ ಸತ್ತಿರಲಿಲ್ಲ. ಲಾಗಿನ್ ಆಯ್ತು, ಫೈಲ್ ಎಲ್ಲ ತೆರೆಯುತ್ತಿತ್ತು. 'ಐಪಿ ಲಿಂಕ್' (ನೆಟ್‌ವರ್ಕ್ ಇಂಟರ್‌ಫೇಸ್‌ಗಳನ್ನು ತೋರಿಸುವ ಕಮಾಂಡ್) ಅಂತ ಹೊಡೆದೆ ನೋಡಿ, ಕರ್ಸರ್ ಅಲ್ಲೇ ಮಿಟುಕುತ್ತಾ ಕೂತುಬಿಡ್ತು. ಕಂಟ್ರೋಲ್-ಸಿಗೂ ಜಪ್ಪಯ್ಯ ಅನ್ನಲಿಲ್ಲ. ಸಿಸ್‌ಆರ್‌ಕ್ಯೂ ಡಬ್ಲ್ಯು (ಸಿಕ್ಕಿಕೊಂಡವರನ್ನು ತೋರಿಸು ಅಂತ ಕರ್ನಲ್‌ಗೆ ಹೇಳುವ ಕೀ) ಕಳಿಸಿದೆ, ನನಗೆ ಬೇಕಾದ ಎರಡು ಸ್ಟ್ಯಾಕ್ (ಯಾರು ಯಾವ ಫಂಕ್ಷನ್ ಒಳಗೆ ನಿಂತಿದ್ದಾರೆ ಅನ್ನೋ ಪಟ್ಟಿ) ಸಿಕ್ಕವು. ನಮ್ಮ ಡೀಮನ್ ಡ್ರೈವರ್‌ನ ಸ್ಟಾಪ್ ಫಂಕ್ಷನ್ ಒಳಗಿತ್ತು. ಕರ್ನಲ್ ಸ್ಟಾಪ್ ಅನ್ನು ಕರೆಯುವಾಗ ಆರ್‌ಟಿಎನ್‌ಎಲ್ ಲಾಕ್ ಹಿಡಿದೇ ಕರೆಯುತ್ತೆ. ಸ್ಟಾಪ್ ಒಳಗೆ ನಾನು 'ಕ್ಯಾನ್ಸಲ್ ವರ್ಕ್ ಸಿಂಕ್' ಹಾಕಿದ್ದೆ, ಅಂದರೆ ಡ್ರೈವರ್‌ನ ರೀಸೆಟ್ ಕೆಲಸ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಮುಗಿಯೋವರೆಗೂ ಕಾಯಬೇಕು. ಇನ್ನೊಂದು ಸ್ಟ್ಯಾಕ್ ಅದೇ ರೀಸೆಟ್ ಕೆಲಸದ್ದು. ಅದರ ಮೊದಲ ಸಾಲೇ ಆರ್‌ಟಿಎನ್‌ಎಲ್ ಲಾಕ್ ತೆಗೆದುಕೊಳ್ಳೋದು. ಇವನು ಅವನಿಗೆ ಕಾಯುತ್ತಾನೆ, ಅವನು ಇವನಿಗೆ. ಆರ್‌ಟಿಎನ್‌ಎಲ್ ಇಡೀ ನೆಟ್‌ವರ್ಕ್ ಸೆಟ್ಟಿಂಗ್‌ಗಳಿಗೆ ಇರೋ ಒಂದೇ ದೊಡ್ಡ ಮ್ಯೂಟೆಕ್ಸ್ (ಒಂದು ಹೊತ್ತಿಗೆ ಒಬ್ಬರೇ ಹಿಡಿಯಬಹುದಾದ ಲಾಕ್). ಅದು ಸಿಕ್ಕಿಕೊಂಡರೆ 'ಐಪಿ ಲಿಂಕ್' ಕೂಡ ಸಾಲಿನಲ್ಲಿ ನಿಲ್ಲಬೇಕು.

ಇದು ಅಂಥ ಅಪರೂಪದ ತಪ್ಪೇನಲ್ಲ. ವರ್ಕ್‌ಕ್ಯೂಗೆ (ಇಂಥ ಹಿನ್ನೆಲೆ ಕೆಲಸಗಳ ಸಾಲಿಗೆ) ಕಾಯೋದನ್ನೂ ಲಾಕ್‌ಡೆಪ್ ಒಂದು ಲಾಕ್ ಅಂತಲೇ ಲೆಕ್ಕ ಹಾಕುತ್ತೆ, ಹಾಗಾಗಿ ಹಿಡಿಯಲೇಬೇಕಿತ್ತು. ಆಫೀಸಿನ ಟೆಸ್ಟ್ ಕರ್ನಲ್‌ನಲ್ಲಿ 'ಪ್ರೂವ್ ಲಾಕಿಂಗ್', ಅಂದರೆ ಲಾಕ್‌ಡೆಪ್ ಹಾಕುವ ಆಯ್ಕೆ, ಆನ್ ಇತ್ತು. ಆದರೂ ತಿಂಗಳುಗಟ್ಟಲೆ ಸದ್ದಿಲ್ಲ. ಯಾಕೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಲಾಕ್‌ಡೆಪ್ ಒಂದು ಬೂಟ್‌ಗೆ ಒಂದೇ ಸಲ ಬಾಯಿ ಬಿಡುತ್ತೆ. ಮೊದಲ ದೂರು ಪ್ರಿಂಟ್ ಮಾಡಿದ ಕೂಡಲೇ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತೆ. ಆ ದೂರು ಯಾರ ಡ್ರೈವರ್ ಮೇಲೆ ಅನ್ನೋದು ಲೆಕ್ಕಕ್ಕಿಲ್ಲ. ಆಮೇಲೆ ನೀವು ಲಾಕ್‌ಗಳನ್ನು ಯಾವ ಕ್ರಮದಲ್ಲಿ ಹಿಡಿದರೂ ಅದು ನೋಡೋದಿಲ್ಲ. ನಮ್ಮ ಬೋರ್ಡ್ ಕೊಟ್ಟವರ ಕರ್ನಲ್‌ನಲ್ಲಿ ಬೂಟ್ ಆಗುವಾಗಲೇ ಡಿಸ್‌ಪ್ಲೇ ಡ್ರೈವರ್ ಮೇಲೆ ಒಂದು ದೂರು ಬರುತ್ತಿತ್ತು. 'ಪಾಸಿಬಲ್ ಸರ್ಕ್ಯುಲರ್ ಲಾಕಿಂಗ್ ಡಿಪೆಂಡೆನ್ಸಿ ಡಿಟೆಕ್ಟೆಡ್' ಅಂತ ಶುರುವಾಗುವ ಆ ಉದ್ದನೆಯ ಪುರಾಣ. ನಮ್ಮ ಬಾಕ್ಸ್‌ಗೆ ಡಿಸ್‌ಪ್ಲೇನೇ ಇಲ್ಲ! ನಮ್ಮದಲ್ಲ ಅಂತ ಬಿಟ್ಟೆ. ಬಿಟ್ಟಿದ್ದು ಮಾತ್ರ ಅಲ್ಲ, ಲಾಗ್ ಹುಡುಕುವ ಸ್ಕ್ರಿಪ್ಟ್‌ನಲ್ಲಿ ನಮ್ಮ ಡ್ರೈವರ್ ಹೆಸರು ಇರುವ ಸಾಲುಗಳನ್ನಷ್ಟೇ ಆರಿಸುವ ಗ್ರೆಪ್ ಹಾಕಿದೆ. ದಿನಾ ಬೆಳಿಗ್ಗೆ ಹಸಿರು ಟಿಕ್ ಬರುತ್ತಿತ್ತು. ಬೂಟ್ ಆದ ಕೆಲವೇ ಸೆಕೆಂಡಿನಲ್ಲಿ ಲಾಕ್‌ಡೆಪ್ ಕಣ್ಣು ಮುಚ್ಚಿತ್ತು. ಅದರ ನಂತರ ನಾವು ಓಡಿಸಿದ ಅಷ್ಟೂ ಟೆಸ್ಟ್ ದಂಡ.

ತಿಪಟೂರಿನಿಂದ ಬಂದಮೇಲೆ ಆ ಡಿಸ್‌ಪ್ಲೇ ಡ್ರೈವರ್ ಕಾನ್ಫಿಗ್‌ನಿಂದ ತೆಗೆದು ಬೂಟ್ ಮಾಡಿದೆ. ರೀಸೆಟ್ ಒಮ್ಮೆ ಓಡಿಸಿ, ಅದು ಮುಗಿದಮೇಲೆ ಇಂಟರ್‌ಫೇಸ್ ಒಮ್ಮೆ ಡೌನ್ ಮಾಡಿದೆ. ಹ್ಯಾಂಗ್ ಆಗಲಿಲ್ಲ, ಆದರೆ ದೂರು ಬಂತು. ಲೋಡ್ ಇಲ್ಲ, ರಾತ್ರಿಯಿಡೀ ಕಾಯೋದಿಲ್ಲ. ಸರಿ ಮಾಡಿದ್ದೂ ಸುಲಭವೇ. ರೀಸೆಟ್ ಕೆಲಸ ಆರ್‌ಟಿಎನ್‌ಎಲ್‌ಗೆ ಕಾಯುವ ಬದಲು ಟ್ರೈಲಾಕ್ ಮಾಡುತ್ತೆ, ಸಿಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕ್ಯೂಗೆ ಹೋಗುತ್ತೆ.

ಈಗ ನಿಮ್ಮ ವಿಷಯ. ಪ್ರೊಕ್ (ಕರ್ನಲ್ ತನ್ನ ಸ್ಥಿತಿ ತೋರಿಸುವ ಫೋಲ್ಡರ್) ಒಳಗೆ 'ಲಾಕ್‌ಡೆಪ್ ಸ್ಟ್ಯಾಟ್ಸ್' ಅಂತ ಫೈಲ್ ಇದೆ. ಅದರ ಕೊನೆಯ ಹತ್ತಿರ 'ಡಿಬಗ್ ಲಾಕ್ಸ್' ಸಾಲು ನೋಡಿ. 1 ಇದ್ದರೆ ಬದುಕಿದೆ, 0 ಇದ್ದರೆ ಸತ್ತಿದೆ. ಟೆಸ್ಟ್ ಮುಗಿದಮೇಲೆ ನೋಡಬೇಕು, ಶುರುವಿನಲ್ಲಿ ಮಾತ್ರ ನೋಡಿದರೆ ಸಾಲದು. ಜಿಪಿಎಲ್ (ಲಿನಕ್ಸ್‌ನ ಮುಕ್ತ ಲೈಸೆನ್ಸ್) ಅಲ್ಲದ ಮಾಡ್ಯೂಲ್ ಲೋಡ್ ಮಾಡಿದರೂ ಲಾಕ್‌ಡೆಪ್ ಆಫ್ ಆಗುತ್ತೆ. ಮೋಡೆಮ್ ಕಂಪನಿ ಕೊಟ್ಟ ಮಾಡ್ಯೂಲ್ ಏನಾದ್ರೂ ಇದ್ದರೆ ಲಾಗ್‌ನಲ್ಲಿ 'ಡಿಸೇಬ್ಲಿಂಗ್ ಲಾಕ್ ಡಿಬಗ್ಗಿಂಗ್' ಅಂತ ಹುಡುಕಿ.

ರಾತ್ರಿಯಿಡೀ ಟ್ರಾಫಿಕ್ ಓಡಿಸೋದು ಡೆಡ್‌ಲಾಕ್ ಹುಡುಕೋಕೆ ದಾರಿಯೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ. 2006ರಲ್ಲಿ ಕರ್ನಲ್ ಡೆವಲಪರ್ ಇಂಗೋ ಮೊಲ್ನಾರ್ ಲಾಕ್‌ಡೆಪ್ ಅನ್ನು 2.6.18 ಕರ್ನಲ್‌ಗೆ ಸೇರಿಸಿದಾಗಿನಿಂದ ಇದರ ತಿರುಳೇ ಬೇರೆ. ಡೆಡ್‌ಲಾಕ್ ನಿಜವಾಗಿ ಆಗಬೇಕಾಗಿಲ್ಲ. ಎ ಹಿಡಿದು ಬಿ ಹಿಡಿದದ್ದನ್ನು ಒಮ್ಮೆ ನೋಡಿರಬೇಕು, ಯಾವಾಗಲೋ ಬಿ ಹಿಡಿದು ಎ ಹಿಡಿದದ್ದನ್ನು ಒಮ್ಮೆ ನೋಡಿರಬೇಕು, ಅಷ್ಟೇ. ಸಾಫ್ಟ್‌ಐಆರ್‌ಕ್ಯೂ (ಇಂಟರಪ್ಟ್ ಆದಮೇಲೆ ಕರ್ನಲ್ ಮಾಡುವ ಉಳಿದ ಕೆಲಸ) ಒಳಗೆ ಬಳಸುವ ಸ್ಪಿನ್‌ಲಾಕ್ (ಸಿಗೋವರೆಗೂ ನಿದ್ದೆ ಮಾಡದೆ ಕಾಯುವ ಲಾಕ್) ಅನ್ನು ಹೊರಗೆ 'ಬಿಎಚ್' (ಆ ಕೆಲಸ ನಡುವೆ ನುಗ್ಗದಂತೆ ತಡೆಯುವ ರೂಪ) ಇಲ್ಲದೆ ಹಿಡಿದರೂ ಹೀಗೇ, ಎರಡನ್ನೂ ಒಮ್ಮೊಮ್ಮೆ ಕಂಡರೆ 'ಇನ್‌ಕನ್ಸಿಸ್ಟೆಂಟ್ ಲಾಕ್ ಸ್ಟೇಟ್' ಅಂತ ಕೂಗುತ್ತೆ. ಹಾಗಾಗಿ ಗಿಗಾಬಿಟ್‌ಗಟ್ಟಲೆ ಪ್ಯಾಕೆಟ್ ಬೇಡ, ಕೋಡ್‌ನ ಮೂಲೆಗಳನ್ನು ಮುಟ್ಟಿ. ಕೇಬಲ್ ಕೀಳಿ, ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಬದಲಿಸಿ, ಟಿಎಕ್ಸ್ ಟೈಮ್‌ಔಟ್ (ಪ್ಯಾಕೆಟ್ ಹೊರಡದೆ ನಿಂತಾಗ ಬರುವ ದೋಷ) ಬರಿಸಿ, ಮಾಡ್ಯೂಲ್ ತೆಗೆಯಿರಿ.

ಸ್ಟ್ಯಾಟಿಕ್ ಅನಲೈಸರ್ ಬೇಕೇ ಅಂದರೆ ಸ್ಪಾರ್ಸ್ ಇದೆ, ಲಾಕ್ ಹಿಡಿದು ಬಿಡದೆ ಹೊರಬರುವ ಫಂಕ್ಷನ್ ತೋರಿಸುತ್ತೆ. ಲಾಕ್‌ಗಳ ಕ್ರಮ ಅದರ ಕೆಲಸ ಅಲ್ಲ.

ಡಿಬಗ್ ಲಾಕ್ಸ್ 0 ಬಂದರೆ ಬೂಟ್ ಲಾಗ್‌ನಲ್ಲಿರುವ ಮೊದಲ ದೂರನ್ನು ಪೂರ್ತಿ ಇಲ್ಲಿ ಹಾಕಿ, ಕತ್ತರಿಸಬೇಡಿ. ಅದು ನಿಮ್ಮ ಡ್ರೈವರ್‌ದು ಅಲ್ಲದಿದ್ದರೂ ಹಾಕಿ.