ಮೂರು ಸಲ ಒಗೆದರೂ ಸಮಾಧಾನವಿಲ್ಲ

ಮಲೆನಾಡಿನ ಒಂದು ಊರು. ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಅವರು ಸ್ಟಾಫ್ ನರ್ಸ್. ಮನೆಯಲ್ಲಿ ಗಂಡ, ಅತ್ತೆ, ಇನ್ನೂ ಎರಡು ತುಂಬದ ಮಗು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಆಪ್ತಸಲಹೆಗೆ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ನನ್ನ ಕಣ್ಣಿಗೆ ಬಿದ್ದಿದ್ದು ಅವರ ಕೈ. ಬೆರಳ ಸಂದಿಯಲ್ಲಿ ಚರ್ಮ ಬಿರಿದು ಕೆಂಪಾಗಿತ್ತು, ಒಂದು ಕಡೆ ರಕ್ತ ಒಸರಿ ಒಣಗಿತ್ತು. ಕೇಳಿದೆ. "ಬ್ಲೀಚ್ ಮೇಡಂ, ಯೂನಿಫಾರ್ಮ್ ಒಗೆದು ಒಗೆದು" ಅಂದರು.

ಆಸ್ಪತ್ರೆಯಲ್ಲಿ ಯೂನಿಫಾರ್ಮ್ ಒಗೆದುಕೊಡುವ ವ್ಯವಸ್ಥೆ ಇಲ್ಲ. ಹಾಕಿಕೊಂಡೇ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು. ಒಂದು ಸಲ ಔಷಧಿಗೆ ಬಗ್ಗದ ಸೋಂಕಿನ ರೋಗಿಯನ್ನು ನೋಡಿಕೊಂಡ ವಾರವೇ ಮಗುವಿಗೆ ಜ್ವರ ಬಂತು. ಮಕ್ಕಳ ಡಾಕ್ಟರು ಮಾಮೂಲಿ ವೈರಲ್ ಅಂದರು, ಮಗು ಚೇತರಿಸಿಕೊಂಡಿತು. ತಾಯಿ ಚೇತರಿಸಿಕೊಳ್ಳಲಿಲ್ಲ. ಆವತ್ತಿನಿಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾತ್‌ರೂಮಿನಲ್ಲಿ ಕೂತು ಒಂದೇ ಜೊತೆ ಬಟ್ಟೆಯನ್ನು ಮೂರು ಸಲ ಒಗೆಯುವುದು. ಬ್ಲೀಚಿಗೆ ಅಳತೆ ಇಲ್ಲ, ವಾಸನೆ ಮೂಗಿಗೆ ಹೊಡೆಯುವಷ್ಟು. ಬಟ್ಟೆ ಹಾಕುವಾಗ ಮತ್ತೆ ಅನುಮಾನ, ಮತ್ತೆ ಬಕೆಟ್.

ಅತ್ತೆಯದು ಇನ್ನೊಂದು ಕಥೆ. ಮಡಿ ಜಾಸ್ತಿ. "ಹೆಣ ಮುಟ್ಟಿದ ಬಟ್ಟೆ ಮೆಷಿನ್ನಿಗೆ ಬೇಡ" ಅಂತ ಕಟ್ಟುನಿಟ್ಟು. ಸೊಸೆಯ ಭಯ ರೋಗಾಣುವಿನದ್ದು, ಅತ್ತೆಯದ್ದು ಮೈಲಿಗೆಯದ್ದು. ಎರಡೂ ಬಂದು ನಿಂತದ್ದು ಅದೇ ಬಕೆಟ್ಟಿನ ಮುಂದೆ!

ಒಂದು ರಾತ್ರಿಯ ವಿಷಯ ಕೇಳಿ ನನಗೇ ಎದೆ ಝಲ್ ಅಂತು. ಟಾಯ್ಲೆಟ್ ತೊಳೆಯುವ ಆಸಿಡ್ ನೆಲದ ಮೇಲಿದ್ದಾಗಲೇ ಬ್ಲೀಚಿನ ನೀರು ಚೆಲ್ಲಿದ್ದಾರೆ. ಕಣ್ಣು ಉರಿ, ತಡೆಯದ ಕೆಮ್ಮು. ಅದು ಕ್ಲೋರಿನ್ ಅನಿಲ. ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ. ಇವೆರಡನ್ನು ಒಂದೇ ಮೂಲೆಯಲ್ಲೂ ಇಡಬೇಡಿ ಅಂದೆ.

"ನಿಮ್ಮ ಭಯ ಸುಳ್ಳು" ಅಂತ ನಾನು ಹೇಳಲಿಲ್ಲ. ಐಸಿಯು ಬಟ್ಟೆಯಲ್ಲಿ ರೋಗಾಣು ಇರಬಹುದು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಎಲ್ಲಿ ನಿಲ್ಲಿಸಬೇಕು ಅನ್ನುವುದು. ಅಳತೆಯನ್ನು ಮೂಗಿಗೂ ಮನಸ್ಸಿಗೂ ಬಿಟ್ಟರೆ ಒಗೆತ ಮುಗಿಯುವುದೇ ಇಲ್ಲ, ಅಲ್ವಾ? ಹಾಗಾಗಿ ಕೊನೆ ಇರುವ ಒಂದು ಕ್ರಮವನ್ನು ಇಬ್ಬರೂ ಕೂತು ಬರೆದೆವು.

ಡ್ಯೂಟಿ ಮುಗಿದ ಮೇಲೆ ಆಸ್ಪತ್ರೆಯಲ್ಲೇ ಬಟ್ಟೆ ಬದಲಿಸುವುದು. ಯೂನಿಫಾರ್ಮ್ ಬೇರೆ ಚೀಲದಲ್ಲಿ, ಆ ಚೀಲವೂ ಒಗೆಯುವಂಥದ್ದು. ಮನೆಗೆ ಬಂದವರೇ ಅದನ್ನು ಕೊಡವದೆ ಮೆಷಿನ್ನಿಗೆ ಹಾಕಿ, ಸೋಪಿನಲ್ಲಿ ಕೈ ತೊಳೆದು, ಆಮೇಲೆ ಮಗು. ರಕ್ತದ ಕಲೆ ಇದ್ದರೆ ಗ್ಲೌಸ್ ಹಾಕಿಕೊಂಡು ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಅವರ ಮೆಷಿನ್ನಿನಲ್ಲಿ 60 ಡಿಗ್ರಿಯ ಸೆಟ್ಟಿಂಗ್ ಇತ್ತು, ಯಾರೂ ಮುಟ್ಟಿರಲಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತನ್ನ ನರ್ಸುಗಳಿಗೆ ಹೇಳುವುದೂ ಅದನ್ನೇ: 60 ಡಿಗ್ರಿಯಲ್ಲಿ 10 ನಿಮಿಷ ಒಗೆದರೆ ಹೆಚ್ಚುಕಮ್ಮಿ ಎಲ್ಲ ರೋಗಾಣುಗಳೂ ಹೋಗುತ್ತವೆ. ಪುಡಿ ಮಾಮೂಲಿಯದೇ ಸಾಕು. ಮನೆಯವರ ಬಟ್ಟೆ ಜೊತೆಗೆ ಬೇಡ, ಮೆಷಿನ್ ತುರುಕಿ ತುಂಬುವುದೂ ಬೇಡ.

ಕರೆಂಟ್ ಇಲ್ಲದ ದಿನಕ್ಕೆ ಇನ್ನೊಂದು ದಾರಿ. ಬಿಸಿನೀರು, ಸೋಪಿನಲ್ಲಿ ಒಗೆದ ಮೇಲೆ 0.05 ಶೇಕಡಾ ಕ್ಲೋರಿನ್ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ ಜಾಲಿಸುವುದು. ಬಾಟಲಿಯಲ್ಲಿ 5 ಶೇಕಡಾ ಬ್ಲೀಚ್ ಇದ್ದರೆ 1 ಲೀಟರ್ ನೀರಿಗೆ 10 ಮಿ.ಲೀ., ಅಂದರೆ ಎರಡು ಟೀ ಚಮಚ. "ಇಷ್ಟೇನಾ?" ಅಂದರು. ಅವರು ಸುರಿಯುತ್ತಿದ್ದದ್ದು ಲೋಟಗಟ್ಟಲೆ. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗುವುದೇ ಕಷ್ಟ. ಫ್ಯಾನಿನ ಕೆಳಗೆ ಹಾಕಿ, ತೇವ ಪೂರ್ತಿ ಹೋಗುವವರೆಗೆ ಇಸ್ತ್ರಿ ಮಾಡಿ ಅಂದೆ. ಇನ್ನೊಂದು ಜೊತೆ ಹೊಲಿಸಿಕೊಂಡರೆ ರಾತ್ರಿಯ ಅವಸರ ತಪ್ಪುತ್ತದೆ.

ಕಷ್ಟದ ಭಾಗ ಆಮೇಲಿನದ್ದು. ಒಂದು ಸುತ್ತು ಮುಗಿದ ಮೇಲೆ ಎರಡನೆಯದು ಇಲ್ಲ. ಕಳವಳ ಬರುತ್ತದೆ, ಬರಲಿ. ಅದನ್ನು ತೊಳೆದು ಕಳಿಸಬೇಡಿ, ಕೂತು ನೋಡಿ, ತಾನಾಗಿ ಇಳಿಯುತ್ತದೆ. ಬಿರಿದ ಕೈಯ ವಿಷಯವನ್ನೂ ನೇರವಾಗಿಯೇ ಹೇಳಿದೆ. ಒಡೆದ ಚರ್ಮದಲ್ಲಿ ರೋಗಾಣು ಸುಲಭವಾಗಿ ಸೇರಿಕೊಳ್ಳುತ್ತದೆ, ಅದು ನಿಮಗೂ ರೋಗಿಗೂ ಒಳ್ಳೆಯದಲ್ಲ. ಬಟ್ಟೆಗಿಂತ ಕೈಯೇ ಮಗುವನ್ನು ಜಾಸ್ತಿ ಮುಟ್ಟುವುದು. ಚರ್ಮದ ಡಾಕ್ಟರ ಹತ್ತಿರ ಹೋದರು.

ಅತ್ತೆಯ ಹತ್ತಿರ ಮಾತಾಡುವ ಕೆಲಸ ಗಂಡನಿಗೆ. ಅವರನ್ನೂ ಕರೆಸಿದ್ದೆ. ಸೊಸೆಯೇ ಹೇಳಿದರೆ ಅದು ಎದುರು ಮಾತಾಗುತ್ತದೆ, ನಮ್ಮ ಮನೆಗಳ ಸಂಗತಿ ಗೊತ್ತಲ್ಲ. ಯೂನಿಫಾರ್ಮ್ ತೆಗೆದ ಮೇಲೆ ಮೆಷಿನ್ನನ್ನು ಒಮ್ಮೆ ಖಾಲಿ ಓಡಿಸುವುದು ಅಂತ ರಾಜಿಯಾಯಿತು. ವಿಜ್ಞಾನದ ಲೆಕ್ಕದಲ್ಲಿ ಅದರ ಅಗತ್ಯ ಇಲ್ಲ. ನಾನು ಬೇಡ ಅನ್ನಲಿಲ್ಲ. ಅದನ್ನು ಓಡಿಸುವುದು ಗಂಡ, ಇವರಲ್ಲ ಅನ್ನುವುದಷ್ಟೇ ನನ್ನ ಷರತ್ತು.

ಈಗ ಹೆಚ್ಚಿನ ದಿನ ಒಂದೇ ಸುತ್ತಿಗೆ ನಿಲ್ಲುತ್ತದೆ. ಸೋಂಕಿನ ರೋಗಿ ಇದ್ದ ದಿನ ಕೈ ಮತ್ತೆ ಬಕೆಟ್ಟಿಗೆ ಹೋಗುತ್ತದಂತೆ. ತೊಳೆಯುವುದು ದಿನಕ್ಕೆ ಒಂದು ಗಂಟೆ ಮೀರುತ್ತಲೇ ಹೋದರೆ ಮನೋವೈದ್ಯರನ್ನು ಕಾಣಬೇಕು ಅಂತ ಮೊದಲೇ ಮಾತಾಗಿದೆ. ನಡುರಾತ್ರಿ ಕೈಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಗಂಡನ ಫೋನಿನಲ್ಲೂ ಹಾಕಿಸಿದ್ದೇನೆ.