ಮೈಸೂರು, ಮೈಸೂರ್, ಮೈಸೂರಿನಲ್ಲಿ

ಮಂಡ್ಯದ ಓದುಗರೊಬ್ಬರ ಪ್ರಶ್ನೆಗಳು: 2014ರಲ್ಲಿ ಹೆಸರು ಬದಲಾದ ಮೇಲೂ ಜನ ‘ಮೈಸೂರ್’ ಎನ್ನುವುದು ತಪ್ಪಲ್ಲವೇ? ಕಳೆದ ಸಂಚಿಕೆಯಲ್ಲಿ ಅಚ್ಚಾದ ‘ಮೈಸೂರುನಲ್ಲಿ’ ಸರಿಯೇ? ಅಸುರನ ಹೆಸರು ಊರಿಗೇಕೆ?

ಮಾನ್ಯರೇ,

‘ಮೈಸೂರುನಲ್ಲಿ’ ಎಂಬುದು ಖಂಡಿತ ತಪ್ಪು; ಕರಡು ನೋಡಿದ್ದು ನಾನೇ ಆದ್ದರಿಂದ ಆ ತಪ್ಪು ನನ್ನದು. ‘ನಾನು ಊರುನಲ್ಲಿದ್ದೇನೆ’ ಎಂದು ಯಾವ ಕನ್ನಡಿಗರೂ ಹೇಳುವುದಿಲ್ಲ. ಊರಲ್ಲಿ, ಊರಿನಲ್ಲಿ, ಊರಿಗೆ ಎನ್ನುತ್ತಾರೆ. ಮೈಸೂರು ಎಂಬುದರ ಕೊನೆಯಲ್ಲಿ ಇರುವುದೂ ಅದೇ ಊರು. ಹೆಸರನ್ನು ಮುಟ್ಟಬಾರದೆಂದು ಅದರ ಹಿಂದೆ ‘ನಲ್ಲಿ’ ಅಂಟಿಸುವ ಅಭ್ಯಾಸ ಈಚೆಗೆ ಫಲಕಗಳಲ್ಲಿಯೂ ಸುದ್ದಿಗಳಲ್ಲಿಯೂ ಹೆಚ್ಚುತ್ತಿರುವುದು ನನಗೆ ನಿಜವಾಗಿ ನೋವಿನ ಸಂಗತಿ. ನಿಮ್ಮ ಮಂಡ್ಯ ಅಕಾರಾಂತವಾದ್ದರಿಂದ ಮಂಡ್ಯದಲ್ಲಿ, ಮಂಡ್ಯಕ್ಕೆ ಎಂದಾಗುತ್ತದೆ. ಉಕಾರಾಂತವಾದ ಮೈಸೂರು ತನ್ನ ಉಕಾರವನ್ನು ಬಿಟ್ಟುಕೊಟ್ಟು ಮೈಸೂರಿನಲ್ಲಿ, ಮೈಸೂರಿಗೆ ಎಂದಾಗುತ್ತದೆ.

ಆ ಉಕಾರ ಹಾಗೆ ಸುಲಭವಾಗಿ ಬಿದ್ದುಹೋಗುವುದಕ್ಕೆ ಕಾರಣವಿದೆ. ಹಳಗನ್ನಡದಲ್ಲಿ ಈ ಮಾತುಗಳು ಊರ್, ನೀರ್ ಎಂದು ವ್ಯಂಜನದಲ್ಲೇ ಮುಗಿಯುತ್ತಿದ್ದವು. ಕೊನೆಯ ಸ್ವರ ಅನಂತರ ಸೇರಿದ್ದು. ಇಂದಿಗೂ ನಾವು ‘ನೀರು’ ಎಂದು ಬರೆದು, ‘ಒಂದ್ ಲೋಟ ನೀರ್ ಕೊಡಮ್ಮ’ ಎಂದು ಕೇಳುತ್ತೇವೆ. ಮಂಡ್ಯದ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಫುಟ್‌ಬೋರ್ಡಿನ ಮೇಲೆ ನಿಂತು ‘ಮೈಸೂರ್, ಮೈಸೂರ್, ಮೈಸೂರ್’ ಎಂದು ಕೂಗುವಾಗಲೂ, ಬುಟ್ಟಿ ಹೊತ್ತ ಅಜ್ಜಿ ‘ಮೈಸೂರ್ಗೆ ಎಷ್ಟಪ್ಪ?’ ಎಂದು ಕೇಳುವಾಗಲೂ ಆಡುವುದು ಶುದ್ಧ ಕನ್ನಡವನ್ನೇ. ಅದನ್ನು ಇಂಗ್ಲಿಷಿನ ‘ಮೈಸೋರ್’ ಜೊತೆ ಸೇರಿಸಬೇಡಿ. ಬರಹದಲ್ಲಿ ಮಾತ್ರ ‘ಮೈಸೂರು’ ಎಂಬ ಪೂರ್ಣರೂಪ ಇರಲಿ.

2014ರ ನವೆಂಬರ್ 1ರಂದು ಬೆಂಗಳೂರು, ಬೆಳಗಾವಿ ಮೊದಲಾದ ಹನ್ನೆರಡು ಊರುಗಳ ಪಟ್ಟಿಯಲ್ಲಿ ಮೈಸೂರೂ ಸೇರಿತು; ಅದರ ಮಟ್ಟಿಗೆ ಬದಲಾದದ್ದು ಇಂಗ್ಲಿಷಿನ ಕಾಗುಣಿತ. ಕನ್ನಡದಲ್ಲಿ ಬದಲಿಸಬೇಕಾದದ್ದು ಏನೂ ಇರಲಿಲ್ಲ. 1916ರಲ್ಲಿ ಆರಂಭವಾದ ವಿಶ್ವವಿದ್ಯಾನಿಲಯ ಇಂಗ್ಲಿಷಿನಲ್ಲಿ ಇಂದಿಗೂ ಹಳೆಯ ಕಾಗುಣಿತವನ್ನೇ ಉಳಿಸಿಕೊಂಡಿದೆ. ಕನ್ನಡದಲ್ಲಿ ಅದು ಮೈಸೂರು ವಿಶ್ವವಿದ್ಯಾನಿಲಯವೇ.

ಇನ್ನು ಅರ್ಥದ ಮಾತು. ಮಹಿಷನ ಊರು ಮಹಿಷೂರಾಗಿ, ಮೈಸೂರಾಯಿತೆಂಬುದು ಬಳಕೆಯಲ್ಲಿರುವ ವಿವರಣೆ. ಚಾಮುಂಡಿಬೆಟ್ಟದ ಕಥೆ ಅದಕ್ಕೆ ಬೆಂಬಲವಾಗಿ ನಿಂತಿದೆ. ಆದರೆ ಮಹಿಷ ಎಂದರೆ ಮೊದಲಿಗೆ ಕೋಣ. ಎಮ್ಮೆ ಸಾಕುತ್ತಿದ್ದವರ ನಾಡಿಗೆ ಈ ಹೆಸರು ಬಂದಿರಬೇಕೆಂದು ಹೇಳುವ ವಿದ್ವಾಂಸರು ತಮಿಳಿನ ಸಂಗಂ ಪದ್ಯಗಳ ‘ಎರುಮೈ’ ನಾಡನ್ನು, ಅಂದರೆ ಎಮ್ಮೆಯ ನಾಡನ್ನು, ಇದರೊಡನೆ ಹೊಂದಿಸಿದ್ದಾರೆ. ನನ್ನ ಒಲವು ಈ ಕಡೆಗೇ. ಮನೆಯ ಮಕ್ಕಳು ಕೇಳಿದರೆ ಎರಡನ್ನೂ ಹೇಳಿ.

— ಸಂಪಾದಕ